ಬಾರ್ಶಿಯ ಆಸ್ಪತ್ರೆ ಜಗತ್ತಿಗೆ ಒಪ್ಪಿಸಿದ ಲೆಕ್ಕ

ಔರಾದ ಶಹಾಜನಿ ಎಂಬ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಿಲಂಗಾ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ಆತುಕೊಂಡು ಇರುವ ಊರು ಅದು. ಬೀದರ ಜಿಲ್ಲೆಯಲ್ಲಿ ತಾಲೂಕು ಕೇಂದ್ರವಾಗಿರುವ ಔರಾದ ಬೇರೆ, ಇದು ಬೇರೆ. ಹೆಸರು ಒಂದೇ ಆದರೂ ರಾಜ್ಯ ಎರಡು. 1956ರ ತನಕ ಮಾತ್ರ ಹೀಗಿರಲಿಲ್ಲ. ನಿಲಂಗಾ, ಉದಗೀರ, ಅಹಮದಪುರ ಈ ಮೂರು ತಾಲೂಕುಗಳೂ ಆಗ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಆ ವರ್ಷ ನವೆಂಬರ್ 1ರಂದು, ಅಂದರೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಅದೇ ದಿನ, ಅವು ಬೀದರದಿಂದ ಕಳಚಿ ಮುಂಬಯಿ ರಾಜ್ಯದ ಉಸ್ಮಾನಾಬಾದು ಜಿಲ್ಲೆಗೆ ಹೋದವು. 1982ರಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರು ಜಿಲ್ಲೆಯನ್ನು ಮಾಡಿದಾಗ ಔರಾದ ಶಹಾಜನಿ ಲಾತೂರಿನ ಪಾಲಿಗೆ ಬಂತು; ನೆರೆಯ ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. 2023ರಿಂದ ಉಸ್ಮಾನಾಬಾದಿನ ಅಧಿಕೃತ ಹೆಸರು ಧಾರಾಶಿವ.

ಗಡಿಯ ಮಾತು ಇಷ್ಟಕ್ಕೇ ಸಾಕು. ಇಂದು ಹೇಳಹೊರಟದ್ದು ಆ ಸೀಮೆಯ ಹಳ್ಳಿಗಳ ಹೆಂಗಸರ ವಿಚಾರ. ಜೋಳ, ತೊಗರಿ ಬೆಳೆಯುವ, ಮಳೆಗಾಗಿ ಆಕಾಶ ನೋಡುವ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಸೀಮೆಯದು. ಆ ದುರಂತ ಕಳೆದು ಆರು ವರ್ಷಕ್ಕೆ ಉಸ್ಮಾನಾಬಾದು ಜಿಲ್ಲೆಯ 497 ಹಳ್ಳಿಗಳಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಅದರ ಫಲಿತಾಂಶವನ್ನು ಇಂದು ಜಿನೀವಾದಿಂದ ಹಿಡಿದು ಹಲವು ದೇಶಗಳ ಆರೋಗ್ಯ ಖಾತೆಗಳ ವರೆಗೆ ಆಧಾರವಾಗಿ ಉಲ್ಲೇಖಿಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಅದರ ಬಗ್ಗೆ ಬಂದದ್ದು ಬಹಳ ಕಡಿಮೆ.

ಸಂಶೋಧನೆ ಬಾರ್ಶಿಗೆ ಬಂದುದು ಹೇಗೆ?

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯನ್ನು ಅರಿಯದವರಿಲ್ಲ. 1941ರ ಫೆಬ್ರವರಿ 28ರಂದು ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಅದನ್ನು ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಖಾತೆ ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. ಚಿಕಿತ್ಸೆ, ಪಾಠ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯುವ ಇಂತಹ ಸಂಸ್ಥೆಗಳಿಗೆ ಒಂದು ಸಹಜ ದೋಷವಿದೆ. ಅಲ್ಲಿಗೆ ಬರುವ ರೋಗಿಗಳನ್ನಷ್ಟೇ ಅವು ಕಾಣುತ್ತವೆ. ಬಾರದವರ ಲೆಕ್ಕ ಯಾರಲ್ಲೂ ಇರುವುದಿಲ್ಲ. ನಮ್ಮಲ್ಲಿಂದ ಮಂಗಳೂರಿಗೋ ತಿರುವನಂತಪುರಕ್ಕೋ ಹೋದವರ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಉಂಟು; ಮನೆಯಲ್ಲೇ ನರಳಿ ಹೋದವರ ಹೆಸರು ಯಾವ ಪುಸ್ತಕದಲ್ಲಿದೆ?

ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಹತ್ತಿ, ಧಾನ್ಯಗಳ ವ್ಯಾಪಾರದ ಪೇಟೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಲ್ಲಿಗೆ ಸಣ್ಣ ಹಳಿಯ ರೈಲು ಓಡುತ್ತಿತ್ತು. 1981ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಚಿತ್ರನಟಿ ನರ್ಗಿಸ್ ದತ್ತರ ಹೆಸರಿನಲ್ಲಿ ಅಲ್ಲೊಂದು ಕ್ಯಾನ್ಸರ್ ಆಸ್ಪತ್ರೆ ಇದೆ. ಅದರ ಹಿಂದೆ ನಿಂತವರು ಡಾ. ಬಿ. ಎಂ. ನೆನೆ. 1987ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ, ಟಾಟಾ ಸ್ಮಾರಕದ ಡಾ. ಕಸ್ತೂರಿ ಜಯಂತ್ ಅವರ ಮಾರ್ಗದರ್ಶನದಲ್ಲಿ, ಈ ಆಸ್ಪತ್ರೆಯಲ್ಲಿ ಒಂದು ದಾಖಲೆ ಪುಸ್ತಕ ತೆರೆಯಲಾಯಿತು. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅದು. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿ.

ಪಟ್ಟಣದಲ್ಲಾದರೆ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಕಡತ ನೋಡಿ ಲೆಕ್ಕ ಬರೆದುಕೊಳ್ಳಬಹುದು. ಹಳ್ಳಿಯಲ್ಲಿ ಕಡತವೂ ಇಲ್ಲ, ಆಸ್ಪತ್ರೆಯೂ ಇಲ್ಲ. ಆದುದರಿಂದ ಕಾರ್ಯಕರ್ತರು ಊರೂರಿಗೆ ಹೋದರು. ಯಾರಿಗೆ ಎಲ್ಲಿ ಗಂಟು, ಯಾರಿಗೆ ವಾಸಿಯಾಗದ ಹುಣ್ಣು, ಯಾವ ಅಜ್ಜಿಗೆ ಮುಟ್ಟು ನಿಂತ ಮೇಲೂ ರಕ್ತ ಕಾಣಿಸುತ್ತದೆ ಎಂದು ವಿಚಾರಿಸಿದರು. ಅಂತಹವರನ್ನು ಬಾರ್ಶಿಗೆ ಬರುವಂತೆ ಒಪ್ಪಿಸಿದರು. ಲೆಕ್ಕ ಬರೆಯಲು ಹೋದವರೇ ತಿಳುವಳಿಕೆ ಹೇಳುವವರೂ ಆದರು. ಇದರಿಂದಾಗಿ ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರು ಮೊದಲಿಗಿಂತ ಬೇಗನೆ ಆಸ್ಪತ್ರೆಗೆ ಬರತೊಡಗಿದರು ಎಂಬುದನ್ನು 1995ರಲ್ಲಿ ಪ್ರಕಟವಾದ ಪ್ರಬಂಧವೊಂದು ತೋರಿಸಿತು. ಯಾವ ದೊಡ್ಡ ಯಂತ್ರವೂ ಇಲ್ಲದೆ, ಬರೀ ಮಾತಿನಿಂದ ಆದ ಕೆಲಸ ಇದು. ಈ ಲೇಖಕನಿಗೆ ಮುಂದೆ ಬಂದ ದೊಡ್ಡ ಸಂಶೋಧನೆಗಿಂತಲೂ ಇದೇ ಹೆಚ್ಚು ಮೆಚ್ಚುಗೆಯದು.

ಊರನ್ನು ನಾಲ್ಕು ಪಾಲು ಮಾಡಿದ್ದು

ಗರ್ಭಕಂಠದ ಕ್ಯಾನ್ಸರ್ ಎಂದರೆ ಗರ್ಭಕೋಶದ ಬಾಯಿಗೆ ತಗಲುವ ರೋಗ. ಅದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್ಸು ಎಂದು 1980ರ ದಶಕದಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸನ್ ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ವೈರಸ್ಸು ಹೊಕ್ಕ ಕೂಡಲೇ ಕ್ಯಾನ್ಸರ್ ಆಗುವುದಿಲ್ಲ. ಬಹುತೇಕ ಹೆಂಗಸರಲ್ಲಿ ಅದು ತಾನಾಗಿ ಹೋಗುತ್ತದೆ. ಉಳಿದುಕೊಂಡರೆ ಹತ್ತು, ಹದಿನೈದು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಹುಣ್ಣಿಗೆ ದಾರಿ ಮಾಡುತ್ತದೆ. ಆ ನಡುವೆ ಯಾವಾಗ ಕಂಡುಹಿಡಿದರೂ ಸಣ್ಣ ಚಿಕಿತ್ಸೆಯಲ್ಲಿ ಗುಣವಾಗುತ್ತದೆ. ಇಷ್ಟು ಪುರುಸೊತ್ತು ಕೊಡುವ ಕ್ಯಾನ್ಸರ್ ಬೇರೊಂದಿಲ್ಲ ಎಂದರೂ ತಪ್ಪಲ್ಲ. ಹಾಗಿದ್ದೂ 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ತಗಲಿತು, ಸುಮಾರು 80 ಸಾವಿರ ಮಂದಿ ಸತ್ತರು.

ಕಂಡುಹಿಡಿಯಲು ದಾರಿ ಮೂರು. ಒಂದು, ಕೋಶಗಳನ್ನು ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ಎರಡು, ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲವನ್ನು, ಎಂದರೆ ಅಡುಗೆಯ ವಿನೆಗರಿನ ಸತ್ವವನ್ನೇ, ಹಚ್ಚಿ ಬಿಳಿ ಕಲೆ ಏಳುತ್ತದೋ ಎಂದು ಬರಿಗಣ್ಣಿನಲ್ಲಿ ನೋಡುವುದು. ದಾದಿಯೂ ಇದನ್ನು ಮಾಡಬಲ್ಲಳು, ಖರ್ಚು ತೀರ ಕಡಿಮೆ. ಮೂರು, ವೈರಸ್ಸು ಇದೆಯೇ ಎಂದು ಪ್ರಯೋಗಶಾಲೆಯಲ್ಲಿ ಹುಡುಕುವ ಎಚ್‌ಪಿವಿ ಪರೀಕ್ಷೆ, ಅದು ಖರ್ಚಿನದು. ಬಡ ದೇಶದ ಹಳ್ಳಿಗೆ ಇವುಗಳಲ್ಲಿ ಯಾವುದು ಹಿತ? ಹೆಂಗಸರನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಪರೀಕ್ಷಿಸಲು ಸಾಧ್ಯವಿದ್ದರೆ ಯಾವುದರಿಂದ ಹೆಚ್ಚು ಜೀವ ಉಳಿದೀತು? ಇದಕ್ಕೆ ಜಗತ್ತಿನಲ್ಲಿ ಎಲ್ಲಿಯೂ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ಟಾಟಾ ಸ್ಮಾರಕ, ಬಾರ್ಶಿಯ ಆಸ್ಪತ್ರೆ ಹಾಗೂ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದಾದವು. ಲಿಯೋನಿನಿಂದ ಇದರ ನೇತೃತ್ವ ವಹಿಸಿದ್ದ ಡಾ. ಆರ್. ಶಂಕರನಾರಾಯಣನ್ ಅದಕ್ಕೂ ಮೊದಲು ನಮ್ಮ ರಾಜ್ಯದ ತಿರುವನಂತಪುರ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿದ್ದವರು. ಹಣ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ್ದು. 1999ರ ಅಕ್ಟೋಬರದಲ್ಲಿ ಕೆಲಸ ಸುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸುತ್ತಲಿನ ಹಳ್ಳಿಗಳನ್ನು ಒಟ್ಟುಗೂಡಿಸಿ 52 ಗುಂಪು ಮಾಡಿ, ಚೀಟಿ ಎತ್ತಿದಂತೆ ಅವನ್ನು ನಾಲ್ಕು ಪಾಲಾಗಿ ಹಂಚಲಾಯಿತು. 30ರಿಂದ 59 ವರ್ಷದ ಒಟ್ಟು 1,31,746 ಹೆಂಗಸರು. ಒಂದು ಪಾಲಿಗೆ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್, ಮತ್ತೊಂದಕ್ಕೆ ವಿನೆಗರ್. ನಾಲ್ಕನೆಯ ಪಾಲಿನ 31,488 ಮಂದಿಗೆ ತಿಳುವಳಿಕೆಯ ಮಾತು ಬಿಟ್ಟರೆ ಪರೀಕ್ಷೆ ಇಲ್ಲ. ಅದುವರೆಗೆ ಹೇಗಿತ್ತೋ ಹಾಗೆ.

ಕರೆದವರೆಲ್ಲ ಬಂದರೇ ಎಂದು ಓದುಗರು ಕೇಳಬಹುದು. ಗರ್ಭಕೋಶದ ಹೆಸರೆತ್ತಿದರೇ ಸೆರಗು ಮುಖಕ್ಕೆ ಎಳೆದುಕೊಳ್ಳುವ ಊರುಗಳವು. ಆದರೂ ಪರೀಕ್ಷೆಗೆ ಕರೆಯಲಾದ ಸುಮಾರು ಒಂದು ಲಕ್ಷ ಹೆಂಗಸರಲ್ಲಿ ಶೇಕಡಾ 79ರಷ್ಟು ಮಂದಿ ಬಂದರು! ಮನೆಮನೆಗೆ ಹೋಗಿ ಕರೆದದ್ದು, ಪರೀಕ್ಷೆಯನ್ನು ಊರ ಹತ್ತಿರವೇ ಇಟ್ಟದ್ದು, ಹೆಂಗಸರೇ ಹೆಂಗಸರನ್ನು ನೋಡಿದ್ದು, ಇವು ಮುಖ್ಯ. ಹೆಚ್ಚಾಗಿ ಬಂದವರು ಚಿಕ್ಕ ಪ್ರಾಯದವರು ಮತ್ತು ಸ್ವಲ್ಪ ಓದು ಬಲ್ಲವರು. ಅಂದರೆ ರೋಗದ ಅಪಾಯ ಹೆಚ್ಚಿರುವ ಹಿರಿಯ ಹೆಂಗಸರೇ ಹಿಂದೆ ಉಳಿದರು.

ಅಂಕೆಗಳು ಏನನ್ನು ಹೇಳಿದವು?

ಎಂಟು ವರ್ಷಗಳ ಕಾಲ ಈ ಎಲ್ಲ ಹೆಂಗಸರ ಸುಖದುಃಖವನ್ನು ಗಮನಿಸಲಾಯಿತು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಎಚ್‌ಪಿವಿ ಪಾಲಿನ 34,126 ಹೆಂಗಸರಲ್ಲಿ 127 ಮಂದಿಗೆ ಕ್ಯಾನ್ಸರ್ ಇರುವುದು ಕಂಡುಬಂತು. ಪರೀಕ್ಷೆ ಇಲ್ಲದ ಪಾಲಿನಲ್ಲಿ 118 ಮಂದಿಗೆ. ಇದನ್ನಷ್ಟೇ ನೋಡಿದವರು ‘ಪರೀಕ್ಷೆ ಮಾಡಿ ಏನು ಬಂತು?’ ಎಂದಾರು. ಸೋಜಿಗ ಇರುವುದು ಮುಂದಿನ ಸಾಲಿನಲ್ಲಿ. ಆ 127ರಲ್ಲಿ ರೋಗ ಮುಂದುವರಿದ ಹಂತದಲ್ಲಿದ್ದವರು 39 ಮಂದಿ ಮಾತ್ರ. ಈ 118ರಲ್ಲಿ 82 ಮಂದಿ. ಸತ್ತವರು ಅಲ್ಲಿ 34, ಇಲ್ಲಿ 64. ಅಂದರೆ ಒಂದೇ ಒಂದು ಸಲ ಮಾಡಿದ ಪರೀಕ್ಷೆ ಎಂಟು ವರ್ಷಗಳ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಪ್ಯಾಪ್ ಮತ್ತು ವಿನೆಗರ್ ಪಾಲುಗಳಲ್ಲಿ ಲೆಕ್ಕಕ್ಕೆ ಹಿಡಿಯಬಹುದಾದಷ್ಟು ಇಳಿಕೆ ಕಾಣಿಸಲಿಲ್ಲ. ಇನ್ನೊಂದು ಮಾತು. ಪರೀಕ್ಷೆಯಲ್ಲಿ ‘ಏನೂ ಇಲ್ಲ’ ಎಂದು ಮನೆಗೆ ಕಳುಹಿಸಿದವರಲ್ಲಿ ಮುಂದೆ ಕ್ಯಾನ್ಸರ್ ಆದದ್ದು ಎಚ್‌ಪಿವಿ ಪಾಲಿನಲ್ಲಿ ವರ್ಷಕ್ಕೆ ಲಕ್ಷಕ್ಕೆ 3.7, ಪ್ಯಾಪ್‌ನಲ್ಲಿ 15.5, ವಿನೆಗರಿನಲ್ಲಿ 16. ‘ನಿಮಗೇನೂ ಇಲ್ಲ, ಹೋಗಿ ಬನ್ನಿ’ ಎಂಬ ಮಾತನ್ನು ಯಾವ ಪರೀಕ್ಷೆಯ ಬಲದಿಂದ ಧೈರ್ಯವಾಗಿ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ.

ಅದೇ ಸಂಚಿಕೆಯ ಸಂಪಾದಕೀಯಕ್ಕೆ ‘ಭಾರತದಿಂದ ಜಗತ್ತಿಗೆ’ ಎಂಬರ್ಥದ ತಲೆಬರಹ ಕೊಟ್ಟಿದ್ದರು. ಅದು ಬರೀ ಉಪಚಾರದ ಮಾತಾಗಿರಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಪರೀಕ್ಷೆಯೇ ಮೊದಲ ಆಯ್ಕೆ. 30ರ ನಂತರ ಐದರಿಂದ ಹತ್ತು ವರ್ಷಗಳಿಗೊಮ್ಮೆ. ಸಾವಿನ ಲೆಕ್ಕದ ಮೇಲೆ ನಿಂತ ಅದರ ಆಧಾರಗಳಲ್ಲಿ ಉಸ್ಮಾನಾಬಾದಿನ ಹೆಂಗಸರದ್ದು ಪ್ರಮುಖ. ಪ್ರಬಂಧವನ್ನು ಎಷ್ಟು ಮಂದಿ ಉದ್ಧರಿಸಿದರು ಎಂದು ಎಣಿಸಿ ಆಸ್ಪತ್ರೆಯ ಮೇಲ್ಮೆಯನ್ನು ಅಳೆಯುವ ಪದ್ಧತಿ ಈಗ ಬಂದಿದೆ. ಆ ಲೆಕ್ಕದಲ್ಲೂ ಬಾರ್ಶಿ ಹಿಂದೆ ಬೀಳದು. ಆದರೆ ಅಳತೆ ಅದೊಂದೇ ಆಗಬಾರದು.

ನಾಲ್ಕನೆಯ ಪಾಲಿನವರು

ಆ 31,488 ಹೆಂಗಸರ ವಿಚಾರಕ್ಕೆ ಬರೋಣ. ಮುಂಬಯಿಯ ಕೊಳೆಗೇರಿಗಳಲ್ಲಿ, ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಕೂಡಾ ಇದೇ ಮಾದರಿಯ ಸಂಶೋಧನೆಗಳು ನಡೆದವು. ಅಲ್ಲಿಯೂ ಪರೀಕ್ಷೆ ಇಲ್ಲದ ಒಂದು ಪಾಲು ಇತ್ತು. ಮೂರೂ ಕಡೆ ಸೇರಿ ಆ ಪಾಲುಗಳಲ್ಲಿ ಕನಿಷ್ಠ 254 ಹೆಂಗಸರು ಇದೇ ರೋಗದಿಂದ ಸತ್ತರು ಎಂದು ಅಮೆರಿಕದ ವೈದ್ಯ ಎರಿಕ್ ಸುಬಾ 2014ರಲ್ಲಿ ಬರೆದರು. ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂಬುದು ದಶಕಗಳಿಂದ ಗೊತ್ತಿದ್ದ ವಿಷಯವಾಗಿರುವಾಗ, ಒಂದು ಪಾಲಿಗೆ ಅದನ್ನು ಕೊಡದೆ ಸಾವನ್ನು ಎಣಿಸುತ್ತಾ ಕೂರುವುದು ಸರಿಯೇ ಎಂಬುದು ಅವರ ಪ್ರಶ್ನೆ. ಅಮೆರಿಕದ ಸರಕಾರದ ಹಣದಿಂದ ನಡೆದ ಮುಂಬಯಿ ಸಂಶೋಧನೆಯಲ್ಲಿ ಹೆಂಗಸರಿಗೆ ಸಾಕಷ್ಟು ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ ಎಂದು ಅಲ್ಲಿಯ ಸರಕಾರಿ ಕಚೇರಿಯೇ ಕಂಡುಕೊಂಡಿತು. ಉಸ್ಮಾನಾಬಾದಿನ ಹಣ ಖಾಸಗಿ ಪ್ರತಿಷ್ಠಾನದ್ದಾದ ಕಾರಣ ಆ ಕಚೇರಿಯ ಅಧಿಕಾರ ಅದಕ್ಕೆ ನಡೆಯುತ್ತಿರಲಿಲ್ಲ.

ಸಂಶೋಧಕರ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಆಗ ಭಾರತದ ಹಳ್ಳಿಗಳಲ್ಲಿ ಯಾವ ಹೆಂಗಸಿಗೂ ಪರೀಕ್ಷೆ ಇರಲಿಲ್ಲ, ಆದುದರಿಂದ ಇದ್ದುದನ್ನು ಯಾರಿಂದಲೂ ಕಸಿದುಕೊಂಡಿಲ್ಲ. ಹೋಲಿಸಲು ಒಂದು ಪಾಲು ಇಲ್ಲದಿದ್ದರೆ ಯಾವ ಪರೀಕ್ಷೆ ಸಾವನ್ನು ತಗ್ಗಿಸುತ್ತದೆಂದು ಗೊತ್ತಾಗುತ್ತಿರಲಿಲ್ಲ ಎಂಬುದು ಅವರ ವಾದ. ದಶಕಗಳಿಂದ ನಂಬಿದ್ದ ಪ್ಯಾಪ್ ಪರೀಕ್ಷೆ ಒಂದು ಸುತ್ತಿನಲ್ಲಿ ಈ ಹಳ್ಳಿಗಳಲ್ಲಿ ಅಂತಹ ಫಲ ಕೊಡಲಿಲ್ಲ ಎಂಬುದೂ ಆ ಹೋಲಿಕೆಯಿಂದಲೇ ತಿಳಿದದ್ದು. ಈ ಲೇಖಕನ ಅಭಿಪ್ರಾಯದಲ್ಲಿ ಸಂಶೋಧನೆ ನಡೆಯಬೇಕಾಗಿತ್ತು. ಹಾಗೆಂದು ‘ಅಲ್ಲಿ ಮೊದಲೇ ಏನೂ ಇರಲಿಲ್ಲ’ ಎಂಬ ಮಾತು ಎಲ್ಲ ಸಂದೇಹಗಳಿಗೂ ಪರಿಹಾರವಲ್ಲ. ಏನೂ ಇಲ್ಲದ ಊರುಗಳನ್ನೇ ಹುಡುಕಿಕೊಂಡು ಸಂಶೋಧನೆ ಬರುವುದಕ್ಕೂ ಅದೇ ಕಾರಣ ತಾನೆ?

ಒಪ್ಪಿಗೆ ಎಂಬ ಮಾತು ಬಂದಾಗ ನಮ್ಮವರಿಗೆ ಒಂದು ಸ್ವಾನುಭವ ಉಂಟು. ಹಲವು ವರ್ಷಗಳ ಹಿಂದೆ ಮನೆಯ ಹಿರಿಯರೊಬ್ಬರ ಶಸ್ತ್ರಚಿಕಿತ್ಸೆಗೆಂದು ಒಂದು ಆಸ್ಪತ್ರೆಗೆ ಹೋಗಿದ್ದೆ. ದಾದಿ ಒಂದು ಕಾಗದ ತಂದು ‘ಇವಿಡೆ ಒಪ್ಪಿಡೂ’ ಎಂದಳು. ಕಾಗದ ಮಲಯಾಳದಲ್ಲಿತ್ತು. ಮಾತಾಡಲು ಬರುವ ಮಲಯಾಳ ಓದಲು ಬರಬೇಕೆಂದಿಲ್ಲ. ‘ಇದರಲ್ಲಿ ಏನು ಬರೆದಿದೆ ಅಕ್ಕಾ?’ ಎಂದು ಕೇಳಿದೆ. ‘ಎಲ್ಲರೂ ಹಾಕುವುದೇ’ ಎಂದಳು. ಹಾಕಿದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಕೈತುಂಬ ಕೆಲಸ ಇತ್ತು. ಆದರೆ ಆ ರುಜುವನ್ನು ತಿಳಿದು ಕೊಟ್ಟ ಒಪ್ಪಿಗೆ ಎಂದು ಯಾರಾದರೂ ಲೆಕ್ಕಕ್ಕೆ ಹಿಡಿದರೆ ಅದು ಸುಳ್ಳು ಲೆಕ್ಕ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಇರುವ ಗಡಿಯ ಎಲ್ಲ ತಾಲೂಕುಗಳಲ್ಲಿ, ಉಮರ್ಗಾದಲ್ಲಿರಲಿ ಮಂಜೇಶ್ವರದಲ್ಲಿರಲಿ, ಈ ತೊಡಕು ಇದ್ದದ್ದೇ.

ಅರ್ಧಕ್ಕೆ ನಿಂತದ್ದರಿಂದ ಬಂದ ಲಾಭ

ಬಾರ್ಶಿಯ ಕತೆಗೆ ಇನ್ನೊಂದು ಅಧ್ಯಾಯವಿದೆ. ಎಚ್‌ಪಿವಿಗೆ ಲಸಿಕೆ ಬಂದ ಮೇಲೆ, ಹುಡುಗಿಯರಿಗೆ ಮೂರು ಚುಚ್ಚುಮದ್ದಿನ ಬದಲು ಎರಡು ಸಾಕೇ ಎಂದು ನೋಡಲು 2009ರಲ್ಲಿ ದೇಶದ ಒಂಬತ್ತು ಕಡೆ ಸಂಶೋಧನೆ ಆರಂಭವಾಯಿತು. 10ರಿಂದ 18 ವರ್ಷದ 20 ಸಾವಿರ ಹುಡುಗಿಯರನ್ನು ಸೇರಿಸಿಕೊಳ್ಳುವ ಉದ್ದೇಶ. ಬಾರ್ಶಿಯೂ ಒಂದು ಕೇಂದ್ರ. ಅಷ್ಟರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಬೇರೊಂದು ಸಂಸ್ಥೆ ನಡೆಸುತ್ತಿದ್ದ ಲಸಿಕೆ ಯೋಜನೆಯ ಬಗ್ಗೆ ಗದ್ದಲವೆದ್ದಿತು. ಕೆಲವು ಹುಡುಗಿಯರ ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲವಾದರೂ, ತಂದೆತಾಯಿಯರ ಬದಲು ಹಾಸ್ಟೆಲಿನ ವಾರ್ಡನ್‌ಗಳೇ ಒಪ್ಪಿಗೆಗೆ ರುಜು ಹಾಕಿದ್ದು ಹೊರಬಂತು. 2010ರ ಏಪ್ರಿಲ್‌ನಲ್ಲಿ ಸರಕಾರ ಎಲ್ಲವನ್ನೂ ನಿಲ್ಲಿಸಿತು. ಸಂಬಂಧವೇ ಇಲ್ಲದ ಬಾರ್ಶಿಯ ಕೆಲಸವೂ ನಿಂತಿತು.

ಆ ಹೊತ್ತಿಗೆ ಸುಮಾರು 17,700 ಹುಡುಗಿಯರಿಗೆ ಲಸಿಕೆ ಸಿಕ್ಕಿತ್ತು. ಕೆಲವರಿಗೆ ಮೂರು, ಕೆಲವರಿಗೆ ಎರಡು. ಸುಮಾರು ಐದು ಸಾವಿರ ಮಂದಿಗೆ ಒಂದೇ ಒಂದು. ಯಾರೂ ಬೇಕೆಂದು ಮಾಡದ ಈ ಹಂಚಿಕೆಯನ್ನು ಸಂಶೋಧಕರು ಕೈಬಿಡಲಿಲ್ಲ. ಆ ಹುಡುಗಿಯರು ಬೆಳೆದು, ಮದುವೆಯಾಗಿ, ಮಕ್ಕಳ ತಾಯಂದಿರಾಗುವ ತನಕ ಗಮನಿಸುತ್ತಾ ಹೋದರು. ಒಂದೇ ಚುಚ್ಚುಮದ್ದು ಪಡೆದವರಲ್ಲೂ ಅಪಾಯದ 16, 18ನೇ ಬಗೆಯ ವೈರಸ್ಸು ನೆಲೆಯೂರದಂತೆ ಶೇಕಡಾ 95ರಷ್ಟು ರಕ್ಷಣೆ ಸಿಕ್ಕಿದೆ ಎಂದು 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಫ್ರಿಕದ ಸಂಶೋಧನೆಗಳೂ ಇದನ್ನೇ ಹೇಳಿದವು. 2022ರ ಡಿಸೆಂಬರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಡುಗಿಯರಿಗೆ ಒಂದು ಚುಚ್ಚುಮದ್ದೂ ಸಾಕಾಗಬಹುದೆಂದು ಅಂಗೀಕರಿಸಿತು. ಒಬ್ಬಳಿಗೆ ಕೊಡುತ್ತಿದ್ದ ಮೂರರ ಬೆಲೆಯಲ್ಲಿ ಮೂವರಿಗೆ ಕೊಡಬಹುದು ಎಂದರೆ ಬಡ ದೇಶಗಳಿಗೆ ಅದೇನು ಸಣ್ಣ ಮಾತೇ!

ಕೊಟ್ಟವರಿಗೆ ಸಿಕ್ಕಿದ್ದೆಷ್ಟು?

ಇಷ್ಟಾದ ಮೇಲೆ ನಮ್ಮ ದೇಶದ ಸ್ಥಿತಿ ನೋಡೋಣ. 2016ರಲ್ಲಿ ಕೇಂದ್ರ ಆರೋಗ್ಯ ಖಾತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ನಿಯಮ ಮಾಡಿತು. ಅದಕ್ಕೆ ಆರಿಸಿಕೊಂಡದ್ದು ಅಗ್ಗದ ವಿನೆಗರ್ ವಿಧಾನವನ್ನು. ಅದನ್ನು ಪೂರಾ ತಪ್ಪೆನ್ನಲಾಗದು. ದಿಂಡಿಗಲ್ಲಿನಲ್ಲಿ ಅದೇ ವಿಧಾನದಿಂದ ಸಾವು ಶೇಕಡಾ 35ರಷ್ಟು ಇಳಿದಿತ್ತು. ಮುಂಬಯಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿದಾಗ ಶೇಕಡಾ 31ರಷ್ಟು. ಆದರೆ ಮಾಡಬೇಕಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಭಾರತೀಯ ಹೆಂಗಸರನ್ನು ‘ಒಮ್ಮೆಯಾದರೂ ಈ ಪರೀಕ್ಷೆ ಆಗಿದೆಯೇ?’ ಎಂದು ಕೇಳಿದ್ದರು. ಹೌದು ಎಂದವರು ನೂರಕ್ಕೆ 1.9. ಜಗತ್ತಿಗೆ ಪುರಾವೆ ಒದಗಿಸಿದ ದೇಶದಲ್ಲಿ, ಆ ಪುರಾವೆ ಪ್ರಕಟವಾಗಿ ಹತ್ತು ವರ್ಷ ಕಳೆದ ಮೇಲೆ, ನೂರರಲ್ಲಿ ಇಬ್ಬರೂ ಇಲ್ಲ.

ನಮ್ಮ ಜಿಲ್ಲೆಯೂ ಸಂಶೋಧನೆಗೆ ಹೊಸತಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿದ ಬಳಿಕ ಅಹಮದಾಬಾದಿನವರು ಬಂದರು, ಕೋಝಿಕ್ಕೋಡು ಮೆಡಿಕಲ್ ಕಾಲೇಜಿನವರು ಬಂದರು, ರಕ್ತ ತೆಗೆದರು, ಮಕ್ಕಳನ್ನು ಎಣಿಸಿದರು, ವರದಿ ಬರೆದರು. ಪಡ್ರೆಯ ಜನರಿಗೆ ಆ ವರದಿಗಳ ಮಹತ್ವವೂ ಗೊತ್ತು, ವರದಿ ಬಂದ ಮೇಲೆ ಕಾಯಬೇಕಾದ ಕಾಲವೂ ಗೊತ್ತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸ ಆದದ್ದನ್ನೂ ನಮ್ಮವರು ಮರೆತಿಲ್ಲ.

ಹೆಂಗಸರ ಸಂಕೋಚದ ವಿಷಯಕ್ಕೆ ಬಂದರೆ, ಈಗ ಒಂದು ಅನುಕೂಲ ಇದೆ. ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸರು ಸಣ್ಣದೊಂದು ಕುಂಚದಿಂದ ತಾವೇ ತೆಗೆದು ಕೊಡಬಹುದು. ಯಾರ ಮುಂದೆಯೂ ಮಲಗಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಒಪ್ಪಿದೆ. ಹೇಗೆ ತೆಗೆಯುವುದೆಂದು ತಿಳಿಸುವ ಚೀಟಿ ಒಂದು ಪುಟಕ್ಕಿಂತ ಹೆಚ್ಚು ಬೇಡ. ನಮ್ಮ ಆರೋಗ್ಯ ಕೇಂದ್ರಗಳಿಗೆ ಅದು ಬರುವಾಗ ಮಲಯಾಳದ ಜತೆ ಕನ್ನಡದಲ್ಲೂ ಬರಬೇಕೆಂದು ಪಂಚಾಯತು ಸದಸ್ಯರ, ಆಶಾ ಕಾರ್ಯಕರ್ತೆಯರ ಕಿವಿಗೆ ಈಗಲೇ ಹಾಕಿಡುವುದು ಒಳ್ಳೆಯದು. ಅಚ್ಚಾದ ಮೇಲೆ ಕೇಳಿದರೆ ‘ಮುಂದಿನ ಸಲ ನೋಡೋಣ’ ಎನ್ನುತ್ತಾರೆ.